ನಿಪ್ಪಾಣಿಯ ಟಿವಿಯಲ್ಲಿ ಅಡಗಿದ್ದ 51 ಗೆರೆ

ಲೆಕ್ಕ ಹಾಕಿದೆ, ನಂಬಲಾಗಲಿಲ್ಲ, ಮತ್ತೆ ಹಾಕಿದೆ. ನಿಪ್ಪಾಣಿಯಲ್ಲೋ ರಾಯಬಾಗದಲ್ಲೋ ನಿಂಟೆಂಡೊ ಕಂಪನಿಯ ಮಾರಿಯೋ ಆಟ ಆಡಿದ ಹುಡುಗನಿಗೆ ಜಪಾನಿನ ಹುಡುಗನಿಗಿಂತ 32 ಸೆಕೆಂಡು ಹೆಚ್ಚು ಸಿಗುತ್ತಿತ್ತು! ಪರದೆಯ ಮೂಲೆಯಲ್ಲಿ 400ರಿಂದ ಇಳಿಯುವ ಟೈಮು ಗಡಿಯಾರವನ್ನು ನೋಡುವುದೇ ಇಲ್ಲ. ಟಿವಿ 24 ಸಲ ಚಿತ್ರ ಬಿಡಿಸಿದರೆ ಒಂದು ಅಂಕಿ ಇಳಿಯುತ್ತದೆ, ಅಷ್ಟೇ. ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯ ಟಿವಿ ಸೆಕೆಂಡಿಗೆ 60 ಸಲ ಬಿಡಿಸುತ್ತದೆ. ನಮ್ಮ ಪಾಲ್ ಪದ್ಧತಿಯ ಟಿವಿ, ನಮ್ಮ ಕರೆಂಟಿನ ಹಾಗೆ, 50. ಅಲ್ಲಿ 160 ಸೆಕೆಂಡು, ಇಲ್ಲಿ 192. ಮಾರಿಯೋನೂ ಅಷ್ಟೇ ನಿಧಾನ ಓಡುತ್ತಿದ್ದ ಅನ್ನಿ. ಆದರೂ ಜಿಗಿಯುವ ಮುನ್ನ ಯೋಚಿಸಲು ಒಂದಿಷ್ಟು ಪುರಸೊತ್ತು!

ನಿಜವಾದ ಸೋಜಿಗ ಮುಂದಿದೆ. 60ರ ಆಟವನ್ನು 50ಕ್ಕೆ ಓಡಿಸಿದರೆ ಬರೀ ನಿಧಾನವಾಗುವುದಿಲ್ಲ, ಚಿತ್ರವೇ ಹರಿದುಹೋಗಬಹುದು. ಆಟ ಬಿಡಿಸುವುದು 240 ಗೆರೆ. ಒಟ್ಟು ಗೆರೆ ಎನ್‌ಟಿಎಸ್‌ಸಿಯಲ್ಲಿ 262, ಪಾಲ್‌ನಲ್ಲಿ 312. ಚಿತ್ರ ಮುಗಿದ ಮೇಲೆ ಜಪಾನಿನ ನಿಂಟೆಂಡೊ ಯಂತ್ರಕ್ಕೆ 20 ಗೆರೆಯಷ್ಟು ಬಿಡುವು. ಬಿಡುವಿನ ಸಂಕೇತ ಬಂದ ಕ್ಷಣದಿಂದ ಕೆಲವು ಆಟಗಳು ಎಣಿಸತೊಡಗುತ್ತವೆ: ಇಷ್ಟು ಹೊತ್ತಾದ ಮೇಲೆ ಪರದೆಯ ಮೇಲ್ಭಾಗ ಮುಗಿಸಿ ಕೆಳಭಾಗವನ್ನು ಸರಿಸಬೇಕು ಎಂದು. ನಿಂಟೆಂಡೊ ಯುರೋಪಿಗೆ ಮಾಡಿದ ಪಾಲ್ ಯಂತ್ರದಲ್ಲಿ ಬಿಡುವು 70 ಗೆರೆ. ಎಣಿಕೆಯೆಲ್ಲ ಅಡ್ಡಾದಿಡ್ಡಿ!

ಈಗ ತೈವಾನಿನ ಯುಎಂಸಿ ಕಂಪನಿಯ ಯುಎ6538 ಚಿಪ್ ನೋಡಿ. ಪಾಲ್ ದೇಶಗಳ ನಕಲಿ ಯಂತ್ರಗಳಿಗೆಂದೇ ಹುಟ್ಟಿದ್ದು. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟವೆಂದು ಹಸಿಸುಳ್ಳು ಬರೆದಿರುತ್ತಿತ್ತಲ್ಲ, ಅದೇ ಜಾತಿಯ ಯಂತ್ರಗಳು. ಚಿತ್ರ ಮುಗಿದ ಮೇಲೆ ಈ ಚಿಪ್ 51 ಗೆರೆಯಷ್ಟು ಹೊತ್ತು ತುಟಿ ಬಿಚ್ಚುವುದಿಲ್ಲ. ಆಮೇಲೆ ಸಂಕೇತ, ಆಮೇಲೆ ಕರಾರುವಾಕ್ಕಾಗಿ 20 ಗೆರೆ. ಪಾಪ, ಆಟ ತಾನಿನ್ನೂ ಜಪಾನಿನಲ್ಲೇ ಇದ್ದೇನೆಂದು ನಂಬಿಕೊಂಡು ಓಡುತ್ತದೆ! ನನ್ನ ಮಟ್ಟಿಗೆ ಅಸಲಿಗಿಂತ ನಕಲಿಯೇ ಜಾಣ.

ಸಂಗೀತದಲ್ಲೂ ಇದೇ ಕಥೆ. ಸ್ವರ ಹುಟ್ಟುವುದು ಪ್ರೊಸೆಸರಿನ ಬಡಿತದಿಂದ. ಜಪಾನಿನದು ಸೆಕೆಂಡಿಗೆ ಸುಮಾರು 17.9 ಲಕ್ಷ ಬಡಿತ, ಯುರೋಪಿನದು 16.6 ಲಕ್ಷ, ನಕಲಿಯದು 17.7 ಲಕ್ಷ. ಜಪಾನಿನ ಆಟವನ್ನು ಯುರೋಪಿನ ಯಂತ್ರಕ್ಕೆ ಹಾಕಿದರೆ ಶ್ರುತಿ ಶೇ. 7 ಇಳಿಯುತ್ತದೆ, ಅರ್ಧ ಸ್ವರಕ್ಕಿಂತಲೂ ಹೆಚ್ಚು. ಕಾಗವಾಡದ ಗಡಿ ದಾಟಿದರೆ ತಂಬೂರಿ ಮಾಡುವ ಮಿರಜ್. ಅಲ್ಲಿಯ ಕಿವಿಗಳು ಇದನ್ನು ಸಹಿಸಿಯಾವೇ? ನಕಲಿಯಲ್ಲಿ ಇಳಿಯುವುದು ಶೇ. 1ರೊಳಗೆ. ಶ್ರುತಿ ಉಳಿಯಿತು, ಲಯ ಮಾತ್ರ ವಿಲಂಬಿತ.

ಆ ಲಯವನ್ನು ಚಿಪ್ ಸರಿಪಡಿಸಲಾರದು. ಆಟದ ಒಳಗೇ ಕೈಹಾಕಿ ವೇಗದ ಅಂಕಿಗಳನ್ನು ಏರಿಸಬೇಕು. ಯುರೋಪಿನ ಮಾರಿಯೋಗೆ ಸ್ವತಃ ನಿಂಟೆಂಡೊ ಇದನ್ನೇ ಮಾಡಿತ್ತು. ಈಗ ಚಿಕ್ಕೋಡಿಯ ಹುಡುಗಿಯೊಬ್ಬಳು ಲ್ಯಾಪ್‌ಟಾಪಿನಲ್ಲಿ ಮಾಡಬಹುದು. ಐಪಿಎಸ್ ಎಂಬ ತೇಪೆ ಕಡತದಲ್ಲಿ ಆಟವೇ ಇರುವುದಿಲ್ಲ, ತಿದ್ದುಪಡಿ ಮಾತ್ರ: ಆರಂಭದ ಗುರುತಿಗೆ 5 ಬೈಟ್, ಎಲ್ಲಿ ಎಂಬುದಕ್ಕೆ 3, ಎಷ್ಟು ಎಂಬುದಕ್ಕೆ 2, ಹೊಸ ಬೆಲೆಗೆ 1, ಮುಕ್ತಾಯಕ್ಕೆ 3. ಒಂದು ಅಂಕಿ ತಿದ್ದಲು ಹದಿನಾಲ್ಕೇ ಬೈಟ್!

ಅಥಣಿಯಲ್ಲಿ ಯಾರ ಬಳಿಯಾದರೂ ಹಳೆಯ ಪ್ಲೇಸ್ಟೇಷನ್ ಇದ್ದರೆ ಅದರ ತಮಾಷೆಯೇ ಬೇರೆ. ಅಲ್ಲಿ ಪಾಲ್ ಅಥವಾ ಎನ್‌ಟಿಎಸ್‌ಸಿ ಎಂದು ಚಿತ್ರದ ಚಿಪ್ಪಿಗೆ ಹೇಳುವುದು ಒಂದೇ ಒಂದು ಬಿಟ್. ಅದನ್ನು ತಿರುಗಿಸಿದಿರೋ, ಪಾಲ್ ಆಟ ಚುರುಕಾಗಿ 60ಕ್ಕೆ ಏರುತ್ತದೆ; ಚಿತ್ರ ಮಾತ್ರ ಕೆಳಕ್ಕೆ ಜಾರಿ ನಾಯಕನ ಪಾದ ಪರದೆಯಾಚೆ ಹೋಗಬಹುದು. ಚಿತ್ರ ಯಾವ ಗೆರೆಯಿಂದ ಶುರುವಾಗಬೇಕು ಎಂಬ ಅಂಕಿಯನ್ನು ಹುಡುಕಿ ತಿದ್ದಿ, ಪಾದ ವಾಪಸ್ಸು ಬರುತ್ತದೆ.