ಬೆರಳ ತುದಿಗೆ ಸಿಕ್ಕ ಗುಟ್ಟು

ಸಂಜೆ ದನಗಳು ಕೊಟ್ಟಿಗೆಗೆ ಬಂದ ಮೇಲೆ, ಹಾಲು ಕರೆಯಲು ಕೂರುವ ಮುಂಚೆ ನಮ್ಮಜ್ಜಿ ತಪ್ಪದೆ ಮಾಡುತ್ತಿದ್ದ ಕೆಲಸ ಒಂದಿತ್ತು. ಹಸುವಿನ ಕಿವಿಯ ಒಳಮೈ, ಗಂಗೆದೊಗಲಿನ ಮಡಿಕೆ, ಬಾಲದ ಬುಡ, ಕೆಚ್ಚಲ ಸಂದು ಎಲ್ಲ ಕಡೆಯೂ ಬೆರಳಾಡಿಸಿ ಉಣುಗು ಹುಡುಕುತ್ತಿದ್ದಳು. ರಕ್ತ ಕುಡಿದು ಹರಳುಬೀಜದ ಹಾಗೆ ಉಬ್ಬಿದ ಉಣುಗನ್ನು ಚಿವುಟಿ ಕಿತ್ತು ಸೀಮೆಎಣ್ಣೆಯ ಕರಟಕ್ಕೆ ಹಾಕುವಳು. ಕರಟ ಹಿಡಿದು ನಿಲ್ಲುವುದು ನನ್ನ ಪಾಲಿಗೆ ಬಂದ ಕೆಲಸ. ಹಸು ಕತ್ತು ಚಾಚಿ, ಕಣ್ಣು ಅರೆಮುಚ್ಚಿ ನಿಂತಿರುತ್ತಿತ್ತು.

ಅದೇ ಕೆಲಸವನ್ನು 1889ರ ಬೇಸಿಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಹೊರವಲಯದಲ್ಲಿದ್ದ ಸರ್ಕಾರಿ ಫಾರ್ಮಿನಲ್ಲಿ ವಿಜ್ಞಾನಿಗಳು ದಿನದಿನವೂ ಮಾಡಿದರೆಂದು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಅಜ್ಜಿಯ ಕೈ. ರಕ್ತ ಹೀರುವ ಹುಳವೊಂದು ರೋಗವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ ಎಂಬುದನ್ನು ಪ್ರಯೋಗ ಮಾಡಿ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿದ ಮೊದಲ ಕೆಲಸ ಅದು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡದ್ದು 1897ರಲ್ಲಿ. ಅದಕ್ಕೂ ಮೊದಲೇ ದನದ ಕೊಟ್ಟಿಗೆಯಿಂದ ಈ ಸತ್ಯ ಹೊರಬಂದಿತ್ತು.

ರೋಗದ ಹೆಸರು ಟೆಕ್ಸಾಸ್ ಜ್ವರ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದಾಗ ಟೆಕ್ಸಾಸಿನ ಬಯಲಿನಲ್ಲಿ ಉದ್ದ ಕೊಂಬಿನ ಲಾಂಗ್‌ಹಾರ್ನ್ ದನಗಳು ಲಕ್ಷಗಟ್ಟಲೆ ಮೇಯುತ್ತಿದ್ದವು. ಅಲ್ಲಿ ಅವುಗಳಿಗೆ ಬೆಲೆಯಿಲ್ಲ, ಉತ್ತರದ ನಗರಗಳಲ್ಲಿ ಮಾಂಸಕ್ಕೆ ಬರ. ಹಾಗಾಗಿ ಸಾವಿರಾರು ದನಗಳನ್ನು ಕುದುರೆ ಸವಾರರು ಕಾನ್ಸಸ್‌ನ ರೈಲು ನಿಲ್ದಾಣಗಳವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ಅಲ್ಲಿಂದ ರೈಲಿನಲ್ಲಿ ಇಲಿನಾಯ್ ಕಡೆಗೆ ಕಳಿಸಿ, ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸಿ ಮಾರುವ ವ್ಯಾಪಾರ. ದಾರಿಯುದ್ದಕ್ಕೂ ಇದ್ದವು ಸಣ್ಣ ಸಣ್ಣ ಸಂಸಾರಗಳ ಹೊಲಮನೆಗಳು: ಒಂದು ಜೊತೆ ಎತ್ತು, ಮಕ್ಕಳಿಗೆ ಹಾಲು ಕೊಡುವ ಒಂದೆರಡು ಹಸು, ಮಾಂಸಕ್ಕೆಂದು ಬೆಳೆಸುತ್ತಿದ್ದ ನಾಲ್ಕಾರು ಹೋರಿಗರು. ಟೆಕ್ಸಾಸಿನ ಹಿಂಡು ಹಾದುಹೋದ ಹುಲ್ಲಿನ ಮೇಲೆ ಈ ದನಗಳೂ ಮೇಯುತ್ತಿದ್ದವು. ಏನೂ ಆಗುತ್ತಿರಲಿಲ್ಲ. ತಿಂಗಳು ಕಳೆಯುತ್ತಿದ್ದಂತೆ ಒಂದು ಹಸು ಮೇವು ಬಿಟ್ಟು ಬೆನ್ನು ಬಾಗಿಸಿ, ಕಿವಿ ಜೋಲಿಸಿ ಮೂಲೆ ಹಿಡಿಯುತ್ತಿತ್ತು. ಮೈ ಕೆಂಡದಂಥ ಜ್ವರ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣ. ಕೆಲವೇ ದಿನಗಳಲ್ಲಿ ಸಾವು. ಒಂದರ ಹಿಂದೆ ಒಂದು ಬಿದ್ದು ಕೊಟ್ಟಿಗೆ ಬರಿದಾಗುತ್ತಿತ್ತು. ಉಳುವ ಎತ್ತು ಸತ್ತರೆ ಆ ವರ್ಷದ ಬಿತ್ತನೆಯೂ ಸತ್ತ ಹಾಗೆಯೇ ಎಂಬುದನ್ನು ನಮ್ಮ ರೈತರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದು ಹೊಸ ರೋಗವೇನೂ ಆಗಿರಲಿಲ್ಲ. 1796ರಷ್ಟು ಹಿಂದೆಯೇ ದಕ್ಷಿಣ ಕೆರೊಲಿನಾದಿಂದ ಬಂದ ದನಗಳ ಹಿಂದೆಯೇ ಪೆನ್ಸಿಲ್ವೇನಿಯಾದ ದನಗಳು ಸತ್ತದ್ದುಂಟು. 1868ರಲ್ಲಿ ಇಲಿನಾಯ್ ಮತ್ತು ಇಂಡಿಯಾನಾದಲ್ಲಿ ಸಾವಿರಾರು ದನಗಳು ಉರುಳಿದಾಗ ಮಾತ್ರ ದೇಶವೇ ಬೆಚ್ಚಿತು. ಮಿಸೌರಿ, ಕಾನ್ಸಸ್‌ನ ರೈತರು ಬಂದೂಕು ಹಿಡಿದು ದಾರಿಗೆ ಅಡ್ಡ ನಿಂತರು. ಟೆಕ್ಸಾಸಿನೊಳಗೇ ಉತ್ತರ ಭಾಗದ ದನಗಾರರು ದಕ್ಷಿಣ ಭಾಗದವರ ಹಿಂಡನ್ನು ತಡೆದರು. ರೈಫಲ್ಲಿನ ಹೆಸರು ಸೇರಿಸಿ ಅದನ್ನು ವಿಂಚೆಸ್ಟರ್ ಕ್ವಾರಂಟೈನ್ ಎಂದು ಕರೆಯುತ್ತಿದ್ದರು.

ಈ ರೋಗದ ನಡತೆಯೇ ವಿಚಿತ್ರ. ಅದನ್ನು ತರುವ ದನ ಗಟ್ಟಿಮುಟ್ಟಾಗಿರುತ್ತಿತ್ತು. ಜ್ವರದಿಂದ ನರಳುವ ದನದ ಪಕ್ಕದಲ್ಲೇ ಕಟ್ಟಿದ ಇನ್ನೊಂದಕ್ಕೆ ಏನೂ ಅಂಟುತ್ತಿರಲಿಲ್ಲ. ಹಿಮ ಬಿದ್ದೊಡನೆ ರೋಗ ನಿಲ್ಲುತ್ತಿತ್ತು. ಇನ್ನು ತಳಿ ಸುಧಾರಣೆಗೆಂದು ಉತ್ತರದಿಂದ ಸಾಲ ಮಾಡಿ ಶಾರ್ಟ್‌ಹಾರ್ನ್ ಅಥವಾ ಹೆರೆಫರ್ಡ್ ಬೀಜದ ಹೋರಿಯನ್ನು ತಂದ ದಕ್ಷಿಣದ ರೈತನ ಪಾಡೇನು? ಆ ಹೋರಿ ಮೊದಲ ಬೇಸಿಗೆಯಲ್ಲೇ ಸಾಯುತ್ತಿತ್ತು, ಅವನ ನಾಡದನಗಳೆಲ್ಲ ಮೆಲುಕು ಹಾಕುತ್ತ ಸುತ್ತ ನಿಂತಿರುತ್ತಿದ್ದವು. ಬಂದೂಕಿನ ಜಗಳದಷ್ಟು ಇದು ಸದ್ದು ಮಾಡಲಿಲ್ಲ. ಆದರೆ ದಕ್ಷಿಣದ ದನಗಳ ತಳಿ ದಶಕಗಟ್ಟಲೆ ಮುಂದೆ ಹೋಗದೆ ನಿಂತದ್ದು ಇದೇ ಕಾರಣಕ್ಕೆ.

ಕಾರಣ ಹುಡುಕಿದವರು ಉಸಿರು ಎಂದರು, ಜೊಲ್ಲು ಎಂದರು, ಸಗಣಿ, ಗಂಜಲ, ಗೊರಸಿನ ನಂಜು ಎಂದರು. ದನಗಾರರಲ್ಲಿ ಅನೇಕರು ಮಾತ್ರ ಉಣುಗಿನ ಕಡೆ ಬೆರಳು ಮಾಡುತ್ತಿದ್ದರು: ಟೆಕ್ಸಾಸ್ ದನದ ಮೈತುಂಬ ಉಣುಗು, ಸತ್ತ ದನದ ಮೈಯಲ್ಲೂ ಉಣುಗು. 1868ರಲ್ಲಿ ಸರ್ಕಾರದ ಪರವಾಗಿ ತನಿಖೆ ಮಾಡಿದ ಬ್ರಿಟಿಷ್ ಪಶುವೈದ್ಯ ಜಾನ್ ಗ್ಯಾಮ್ಜಿ ಈ ಮಾತನ್ನು ತಳ್ಳಿಹಾಕಿದ. ಪಂಡಿತರು ಮೂಗು ಮುರಿದರು. ಅವರ ಅನುಮಾನದಲ್ಲಿ ಹುರುಳಿತ್ತು ಎಂಬುದನ್ನೂ ಹೇಳಬೇಕು. ಈ ಜಾತಿಯ ಉಣುಗು ಒಂದು ದನಕ್ಕೆ ಹತ್ತಿತೆಂದರೆ ಬಾಳೆಲ್ಲ ಅದರ ಮೇಲೆಯೇ. ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಬಿದ್ದು ಸಾಯುತ್ತದೆ, ಇನ್ನೊಂದು ದನವನ್ನು ಕಚ್ಚುವುದೇ ಇಲ್ಲ. ಹಾಗಿದ್ದ ಮೇಲೆ ಅದು ರೋಗವನ್ನು ದಾಟಿಸುವುದಾದರೂ ಹೇಗೆ?

1884ರಲ್ಲಿ ಅಮೆರಿಕ ಸರ್ಕಾರ ಪಶುಸಂಗೋಪನೆಗೆ ಒಂದು ಬ್ಯೂರೋ ತೆರೆಯಿತು. ಅದರ ಮುಖ್ಯಸ್ಥ ಡೇನಿಯಲ್ ಸಾಲ್ಮನ್. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಬಂದದ್ದು ಇವನ ಹೆಸರೇ. ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತವನು ಥಿಯೊಬಾಲ್ಡ್ ಸ್ಮಿತ್. ಜರ್ಮನಿಯಿಂದ ವಲಸೆ ಬಂದ ದಂಪತಿಗೆ 1859ರಲ್ಲಿ ಆಲ್ಬನಿಯಲ್ಲಿ ಹುಟ್ಟಿದ ಮಗ, ವೈದ್ಯ ಪದವೀಧರ, ಮಿತಭಾಷಿ. ಪ್ರಯೋಗದ ಫಾರ್ಮು ನೋಡಿಕೊಳ್ಳುತ್ತಿದ್ದವನು ಪಶುವೈದ್ಯ ಫ್ರೆಡ್ ಕಿಲ್ಬೋರ್ನ್. ಉಣುಗಿನ ಬಾಳುವೆಯನ್ನು ಮೊಟ್ಟೆಯಿಂದ ಮೊಟ್ಟೆಯವರೆಗೆ ಬಿಡಿಸಿದವನು ಕೂಪರ್ ಕರ್ಟಿಸ್. ದನಗಾರರ ಮಾತನ್ನು ನಂಬುವುದೂ ಬೇಡ, ನಗುವುದೂ ಬೇಡ, ಪರೀಕ್ಷಿಸಿ ನೋಡೋಣ ಎಂದು ಇವರು ಹೊರಟರು. ನನ್ನ ಮಟ್ಟಿಗೆ ಈ ಕತೆಯಲ್ಲಿ ಬೆಳಕು ಹರಿಯುವುದು ಇಲ್ಲಿಂದಲೇ.

1889ರ ಜೂನ್ ಕೊನೆಯಲ್ಲಿ ಉತ್ತರ ಕೆರೊಲಿನಾದಿಂದ ಏಳು ದನಗಳು ಬಂದವು. ಬಡಕಲಾದರೂ ಆರೋಗ್ಯವಾಗಿದ್ದವು, ಮೈತುಂಬ ಉಣುಗು. ಮೊದಲ ಬೇಲಿಯೊಳಗೆ ಅವುಗಳಲ್ಲಿ ನಾಲ್ಕನ್ನು ಉಣುಗಿನ ಸಮೇತ ಬಿಟ್ಟು, ಜೊತೆಗೆ ಉತ್ತರದ ಆರು ದನಗಳನ್ನು ಸೇರಿಸಿದರು. ಎರಡನೆಯ ಬೇಲಿಯೊಳಗೆ ಉಳಿದ ಮೂರು, ಜೊತೆಗೆ ಉತ್ತರದ ನಾಲ್ಕು. ಈ ಮೂರರ ಮೈಯಿಂದ ಮಾತ್ರ ಒಂದೊಂದು ಉಣುಗನ್ನೂ ಕೈಯಿಂದಲೇ ಕೀಳಬೇಕು. ಉರಿಬಿಸಿಲು, ಒದೆಯುವ ದನ, ಸಾಸಿವೆ ಕಾಳಿಗಿಂತ ಸಣ್ಣ ಮರಿಗಳು. ಇವತ್ತು ಕಿತ್ತರೆ ನಾಳೆ ಕಣ್ಣಿಗೆ ಬೀಳುವಷ್ಟು ಇನ್ನೊಂದಿಷ್ಟು ಬೆಳೆದಿರುತ್ತಿದ್ದವು. ದಿನಗಟ್ಟಲೆ ಬಿಡದೆ ಕಿತ್ತರು. ಒಂದೇ ಒಂದು ಹೆಣ್ಣು ಉಣುಗು ತಪ್ಪಿಸಿಕೊಂಡು ನೆಲಕ್ಕೆ ಬಿದ್ದು ಮೊಟ್ಟೆಯಿಟ್ಟರೂ ಪ್ರಯೋಗ ಹಾಳು. ಹಸುವಿನ ಮೈಯಲ್ಲಿ ಉಣುಗು ಹುಡುಕಿ ಗೊತ್ತಿರುವವರಿಗೆ ಆ ಕೆಲಸ ಎಂಥದೆಂದು ಗೊತ್ತು.

ಆಗಸ್ಟ್ ನಡುವಿನಲ್ಲಿ ಮೊದಲ ಬೇಲಿಯೊಳಗಿನ ಉತ್ತರದ ದನಗಳು ಬೆನ್ನು ಬಾಗಿಸತೊಡಗಿದವು. ಅದೇ ಜ್ವರ, ಅದೇ ಕಪ್ಪುಗೆಂಪು ಮೂತ್ರ. ಎರಡನೆಯ ಬೇಲಿಯಲ್ಲಿ ಅದೇ ಊರಿನ ದನಗಳ ಜೊತೆ ಅದೇ ಹುಲ್ಲು ಮೇಯ್ದು, ಅದೇ ಗಾಳಿ ಉಸಿರಾಡಿದ ನಾಲ್ಕಕ್ಕೂ ಏನೂ ಆಗಲಿಲ್ಲ. ಮತ್ತೊಂದು ಬೇಲಿಯಲ್ಲಿ ದಕ್ಷಿಣದ ದನವನ್ನೇ ಬಿಡದೆ, ಅಲ್ಲಿಂದ ತಂದ ಉಣುಗುಗಳನ್ನಷ್ಟೇ ಹುಲ್ಲಿಗೆ ಚೆಲ್ಲಿದರು. ಅಲ್ಲಿ ಮೇಯ್ದ ದನಗಳಿಗೂ ಜ್ವರ ಬಂತು.

ಸತ್ತ ದನಗಳ ರಕ್ತವನ್ನೂ ಗುಲ್ಮವನ್ನೂ ಸ್ಮಿತ್ ಸೂಕ್ಷ್ಮದರ್ಶಕದಲ್ಲಿ ನೋಡಿದ. ಕೆಂಪು ರಕ್ತಕಣಗಳ ಒಳಗೆ ಹನಿಯಾಕಾರದ, ಜೋಡಿ ಜೋಡಿಯಾದ ಚುಕ್ಕೆಗಳು. ಕಣವನ್ನು ಒಳಗಿನಿಂದಲೇ ಒಡೆಯುವ ಪರಾವಲಂಬಿ ಅದು. ಒಡೆದ ಕಣಗಳ ಬಣ್ಣವೇ ಮೂತ್ರದಲ್ಲಿ ಇಳಿಯುತ್ತಿತ್ತು. ರುಮೇನಿಯಾದ ವಿಕ್ಟರ್ ಬಾಬೇಶ್ 1888ರಲ್ಲಿ ಇದೇ ಬಗೆಯ ಜೀವಿಯನ್ನು ದನದ ರಕ್ತದಲ್ಲಿ ಕಂಡಿದ್ದ. ಅವನ ಹೆಸರಿನಿಂದಲೇ ಇಂದು ಅದು ಬಬೇಸಿಯಾ.

ಆದರೂ ಮೂಲ ಒಗಟು ಹಾಗೇ ಉಳಿದಿತ್ತು. ದನ ಬದಲಿಸದ ಉಣುಗು ರೋಗ ದಾಟಿಸುವುದು ಹೇಗೆ? ಉತ್ತರ ಬಂದದ್ದು ಬೇರೆ ಯಾವುದೋ ಪ್ರಶ್ನೆಯ ಬೆನ್ನು ಹತ್ತಿದಾಗ. ಉಣುಗುಗಳು ರಕ್ತ ಹೀರುವುದರಿಂದಲೇ ದನಕ್ಕೆ ರಕ್ತಹೀನತೆ ಬರುತ್ತದೆಯೋ ಎಂದು ತಿಳಿಯಲು ಸ್ಮಿತ್ ಹೊರಟಿದ್ದ. ಗಾಜಿನ ತಟ್ಟೆಯಲ್ಲಿ ಮೊಟ್ಟೆಯೊಡೆಸಿ, ಹುಟ್ಟಿದಂದಿನಿಂದ ರಕ್ತದ ರುಚಿಯನ್ನೇ ಕಾಣದ ಮರಿಗಳನ್ನು ಕೊಟ್ಟಿಗೆಯಲ್ಲಿ ಪ್ರತ್ಯೇಕವಾಗಿ ಕಟ್ಟಿದ್ದ ಕಡಸಿನ ಮೈಗೆ ಬಿಟ್ಟ. ಆ ಮರಿಗಳು ಯಾವ ರೋಗಿ ದನವನ್ನೂ ಮುಟ್ಟಿದವಲ್ಲ, ಹಾಗಾಗಿ ಜ್ವರದ ಮಾತೇ ಇರಬಾರದಿತ್ತು. ಕಡಸಿಗೆ ಜ್ವರ ಏರಿತು. ರಕ್ತ ತೆಗೆದು ನೋಡಿದರೆ ಅದೇ ಜೋಡಿ ಚುಕ್ಕೆಗಳು.

ತಾಯಿ ಉಣುಗು ಕುಡಿದ ನಂಜು ಮೊಟ್ಟೆಯೊಳಗೇ ಇಳಿದು ಮರಿಗೆ ಬಂದಿತ್ತು! ಅದುವರೆಗೆ ತಾಳೆಯಾಗದ ಎಲ್ಲವೂ ಒಮ್ಮೆಗೇ ತಾಳೆಯಾಯಿತು. ಟೆಕ್ಸಾಸಿನ ದನದಿಂದ ಉದುರಿದ ಹೆಣ್ಣು ಉಣುಗು ಹುಲ್ಲಿನ ಬುಡದಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ವಾರಗಳು ಕಳೆದು ಮರಿಗಳು ಹೊರಬಂದು ಹುಲ್ಲಿನ ತುದಿಗೆ ಹತ್ತಿ ಕಾಯುತ್ತವೆ. ಆಮೇಲೆ ಬಂದು ಮೇಯುವ ದನಕ್ಕೆ ಹತ್ತಿ, ಕಚ್ಚಿ, ಇನ್ನೂ ಹತ್ತಾರು ದಿನ ಕಳೆದ ಮೇಲೆ ಜ್ವರ. ರೈತರು ಲೆಕ್ಕ ಹಾಕಿದ್ದ ಆ ಒಂದು ತಿಂಗಳು ಇದೇ. ರೋಗಿ ದನ ಪಕ್ಕದ ದನಕ್ಕೆ ಅಂಟಿಸದಿದ್ದುದೂ, ಹಿಮಕ್ಕೆ ರೋಗ ನಿಲ್ಲುತ್ತಿದ್ದುದೂ ಇದರಿಂದಲೇ. ದಕ್ಷಿಣದ ಕರುಗಳು ಎಳವೆಯಲ್ಲೇ ಉಣುಗು ಕಚ್ಚಿಸಿಕೊಳ್ಳುತ್ತವೆ. ಎಳೆಗರುವಿಗೆ ರೋಗ ಹಗುರವಾಗಿ ಬಂದು ಹೋಗುತ್ತದೆ, ಆಮೇಲೆ ಅದು ಬೆಳೆದ ಮೇಲೂ ತಡೆದುಕೊಳ್ಳುತ್ತದೆ. ಉತ್ತರದ ಬೀಜದ ಹೋರಿಗೆ ಈ ಎಳವೆಯ ಪಾಠ ಆಗಿರಲಿಲ್ಲ.

ನಾಲ್ಕು ಬೇಸಿಗೆಗಳ ಈ ಕೆಲಸ 1893ರಲ್ಲಿ ಬ್ಯೂರೋದ ಬುಲೆಟಿನ್ ಆಗಿ ಹೊರಬಂತು. ಮುಖಪುಟದಲ್ಲಿ ಸ್ಮಿತ್ ಮತ್ತು ಕಿಲ್ಬೋರ್ನ್ ಹೆಸರಿದ್ದವು. ಯಾರ ಪಾಲೆಷ್ಟು ಎಂಬ ವಾದ ಆಮೇಲೆ ಬಹುಕಾಲ ನಡೆಯಿತು. ಕರ್ಟಿಸ್‌ನ ಹೆಸರು ಅಲ್ಲಿಲ್ಲದಿರುವುದು ನನಗಂತೂ ನೋವಿನ ಸಂಗತಿ. ಉಣುಗು ಎಷ್ಟು ದಿನಕ್ಕೆ ಪೊರೆ ಬಿಡುತ್ತದೆ, ಎಷ್ಟು ದಿನಕ್ಕೆ ಉದುರುತ್ತದೆ ಎಂದು ಅವನು ತಾಳ್ಮೆಯಿಂದ ಬರೆದಿಟ್ಟ ಲೆಕ್ಕವೇ ಮುಂದೆ ಅದರ ನಿರ್ಮೂಲನೆಗೆ ಆಧಾರವಾಯಿತು. ಉಣುಗು ದನದ ಮೈಮೇಲೆ ಇರುವುದು ಸುಮಾರು ಮೂರು ವಾರ. ಎರಡು ವಾರಕ್ಕೊಮ್ಮೆ ದನವನ್ನು ಔಷಧಿಯ ನೀರಿನಲ್ಲಿ ಮುಳುಗಿಸಿ ಎಬ್ಬಿಸಿದರೆ ಅದು ಮೊಟ್ಟೆಯಿಡುವಷ್ಟು ಬೆಳೆಯಲಾರದು.

1906ರಲ್ಲಿ ಸರ್ಕಾರ ಹಣ ಕೊಟ್ಟು ನಿರ್ಮೂಲನೆ ಶುರುಮಾಡಿತು. ದಕ್ಷಿಣದ ಊರೂರಲ್ಲೂ ಉದ್ದನೆಯ ಕಾಂಕ್ರೀಟ್ ತೊಟ್ಟಿ, ಅದರ ತುಂಬ ಪಾಷಾಣ ಬೆರೆಸಿದ ನೀರು. ಬಡ ರೈತರು ಸಿಟ್ಟಿಗೆದ್ದರು. ನಾಲ್ಕು ದನವಿರುವವನು ಕೆಲಸ ಬಿಟ್ಟು ಹದಿನೈದು ದಿನಕ್ಕೊಮ್ಮೆ ಮೈಲುಗಟ್ಟಲೆ ಹೊಡೆದುಕೊಂಡು ಹೋಗಬೇಕು. ಅವನ ನಾಡದನಕ್ಕಂತೂ ಈ ರೋಗವೇ ಇಲ್ಲ. ಕೆಲವೆಡೆ ತೊಟ್ಟಿಗಳಿಗೆ ಡೈನಮೈಟ್ ಇಟ್ಟರು. ಹೋರಾಟ ಮುಗಿದು ಗಡಿಯ ಒಂದು ಪಟ್ಟಿ ಬಿಟ್ಟು ದೇಶವೆಲ್ಲ ಉಣುಗು ಮುಕ್ತವೆಂದು ಸಾರಿದ್ದು 1943ರಲ್ಲಿ. ಅಂದಿನಿಂದ ದಕ್ಷಿಣದ ಸಣ್ಣ ಫಾರ್ಮುಗಳಿಗೂ ಹೆರೆಫರ್ಡ್, ಆಂಗಸ್ ಹೋರಿಗಳು ಬಂದು ಬದುಕಿದವು.

ಆ 1906ರಲ್ಲೇ ಇನ್ನೊಂದು ದಾರಿಯೂ ತೆರೆದಿತ್ತು, ಅದು ನಮ್ಮ ಕಡೆಯದು. ಟೆಕ್ಸಾಸಿನ ಪಿಯರ್ಸ್ ರ‍್ಯಾಂಚಿನ ಏಬಲ್ ಬೋರ್ಡನ್ ಭಾರತಕ್ಕೇ ಬಂದು ಗೂಳಿಗಳನ್ನು ಕೊಂಡು ಹಡಗಿಗೆ ಹತ್ತಿಸಿದ. ಭುಜದ ಮೇಲೆ ಡುಬ್ಬವಿರುವ ನಮ್ಮ ದನ ಚರ್ಮ ನಡುಗಿಸಿ ಹುಳ ಉದುರಿಸುತ್ತದೆ; ಅದರ ಮೈಯಲ್ಲಿ ಉಣುಗು ಹತ್ತಿದರೂ ಬಲಿಯುವುದು ಕೆಲವೇ; ಸೆಕೆಗೆ ಅದು ಬಳಲುವುದಿಲ್ಲ. ಹೀಗೆ ಹೋದ ಗುಜರಾತಿನ ಕಾಂಕ್ರೇಜ್, ಗಿರ್, ಆಂಧ್ರದ ಒಂಗೋಲು ತಳಿಗಳಿಂದ ಅಮೆರಿಕದಲ್ಲಿ ಬ್ರಾಹ್ಮನ್ ಎಂಬ ಮಾಂಸದ ತಳಿ ರೂಪುಗೊಂಡಿತು. 1924ರಲ್ಲಿ ಅದರ ಸಾಕಣೆದಾರರು ಸಂಘ ಕಟ್ಟಿಕೊಂಡರು. ಅದರ ರಕ್ತದಲ್ಲಿ ಕಡಿಮೆ ಪಾಲಾದರೂ ನಮ್ಮ ಕೃಷ್ಣಾ ಕಣಿವೆಯ ತಳಿಯೂ ಇದೆ. ಎರೆಭೂಮಿ ಉಳಲೆಂದು ಸಾಂಗ್ಲಿ, ಮೀರಜ್, ಜಮಖಂಡಿ ಸೀಮೆಯ ಅರಸರು ಬೆಳೆಸಿದ ದೊಡ್ಡ ಮೈಕಟ್ಟಿನ ದನ ಅದು. ವಿಜಯಪುರ, ಬಾಗಲಕೋಟೆಯ ಕಡೆ ಇಂದು ಅದರ ಸಂತತಿ ತೀರ ಕಡಿಮೆಯಾಗಿರುವುದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಳೆಯ ಒಗಟು ನಮ್ಮ ಊರುಗಳಲ್ಲೂ ಈಗ ಹೊಸ ರೂಪದಲ್ಲಿ ಇದೆ. ಮಲೆನಾಡು ಗಿಡ್ಡ ಕಾಡಂಚಿನಲ್ಲಿ ಮೇಯ್ದು ಸುಖವಾಗಿ ಬರುತ್ತದೆ. ಸಾಲ ಮಾಡಿ ತಂದ ಎಚ್‌ಎಫ್ ಮಿಶ್ರತಳಿ ಹಸು ಮಾತ್ರ ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಕೆಂಪು ಮೂತ್ರ ಹೊಯ್ಯುತ್ತದೆ. ಪಶುವೈದ್ಯರು ಕಿವಿಯ ಅಂಚಿನಿಂದ ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡಿದರೆ ಸ್ಮಿತ್ ಕಂಡ ಅದೇ ಜೋಡಿ. ಬೇಗ ಗುರುತಿಸಿದರೆ ಚುಚ್ಚುಮದ್ದಿಗೆ ಹಸು ಉಳಿಯುತ್ತದೆ. ಉಣುಗು ಮನುಷ್ಯರಿಗೂ ರೋಗ ತರುತ್ತದೆ ಎಂಬುದು ಸೊರಬದ ಕ್ಯಾಸನೂರು ಕಾಡಿನ ಕಾಯಿಲೆ 1957ರಲ್ಲಿ ಬೆಳಕಿಗೆ ಬಂದಾಗಿನಿಂದ ಮಲೆನಾಡಿಗರಿಗೆ ಗೊತ್ತು. ಅಲ್ಲೂ ಕಾಯಿಲೆಗೆ ಮುಂಚೆ ಮಂಗಗಳು ಸಾಯುತ್ತಿರುವುದನ್ನು ಊರವರು ಕಂಡಿದ್ದರು.

ಅಮೆರಿಕ ಮತ್ತು ಮೆಕ್ಸಿಕೋ ನಡುವಿನ ರಿಯೋ ಗ್ರಾಂಡ್ ನದಿಯ ದಂಡೆಯಲ್ಲಿ ಕುದುರೆ ಏರಿದ ಸರ್ಕಾರಿ ಸವಾರರು ಇಂದಿಗೂ ಗಸ್ತು ತಿರುಗುತ್ತಾರೆ. ನದಿ ದಾಟಿ ಬಂದ ದನ ಸಿಕ್ಕರೆ ಅದನ್ನು ಹಿಡಿದು ಕಟ್ಟಿ ಪರೀಕ್ಷಿಸುತ್ತಾರೆ. ಆ ಪರೀಕ್ಷೆಗೆ ಯಂತ್ರವಿಲ್ಲ. ಅಂಗೈಯನ್ನು ಕೂದಲಿಗೆ ಎದುರಾಗಿ ಸವರುತ್ತ, ಗಂಗೆದೊಗಲಿನ ಮಡಿಕೆಯಲ್ಲಿ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿನಲ್ಲಿ ಬೆರಳಾಡಿಸಿ, ಕಾಳಿನ ಹಾಗೆ ಏನಾದರೂ ತಡೆಯುತ್ತದೆಯೇ ಎಂದು ನೋಡುತ್ತಾರೆ.