ನಂಬರ್ ತಿದ್ದಬಹುದು, ದನಿ ತಿದ್ದೋದು ಹೇಗೆ?

ದಿನಾ ಒಂದೇ ಸ್ಟಾಪಿನಲ್ಲಿ ನಿಂತು ಬಸ್ಸು ಹಿಡಿಯುವವರಿಗೆ ಒಂದು ವಿದ್ಯೆ ತಾನಾಗಿಯೇ ಬಂದಿರುತ್ತದೆ. ತಿರುವಿನಾಚೆಯ ಬಸ್ಸು ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ. ಸದ್ದು ಕೇಳಿದ ಕೂಡಲೇ 'ಬಂತು ನಮ್ಮ ಗಾಡಿ' ಅಂತ ಚೀಲ ಎತ್ತಿಕೊಳ್ಳುತ್ತಾರೆ. ಬೋರ್ಡು ನೋಡಿಲ್ಲ, ನಂಬರ್ ನೋಡಿಲ್ಲ. ಗೇರ್ ಬದಲಾಯಿಸುವಾಗ ಆ ಗಾಡಿ ಕೆಮ್ಮುವ ರೀತಿ, ಕಿಟಕಿ ಗಾಜಿನ ಗಡಗಡ, ಹಾರನ್ನಿನ ಕರ್ಕಶ, ಅಷ್ಟು ಸಾಕು. ಒಂದೇ ಕಾರ್ಖಾನೆಯಲ್ಲಿ ಒಂದೇ ಮಾದರಿಯ ಹತ್ತು ಬಸ್ಸು ಕಟ್ಟಿದರೂ ಹತ್ತಕ್ಕೂ ಹತ್ತು ದನಿ.

ಬೋರ್ಡು ಬದಲಾಯಿಸಿದ ಮಾತ್ರಕ್ಕೆ ಗಾಡಿಯ ದನಿ ಬದಲಾಗುತ್ತದೆಯೇ? ಇಲ್ಲ. ಜೇಬಿನಲ್ಲಿರುವ ಮೊಬೈಲ್ ಫೋನು, ಅಂಗಡಿಯ ವೈಫೈ ಡಬ್ಬಿ, ಕಿವಿಗೆ ಸಿಕ್ಕಿಸುವ ಬ್ಲೂಟೂತ್, ಪೊಲೀಸರ ವಾಕಿಟಾಕಿ ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇವೆಲ್ಲ ಗಾಳಿಯಲ್ಲಿ ರೇಡಿಯೋ ಅಲೆ ಬಿಡುವ ಯಂತ್ರಗಳು. ಪ್ರತಿಯೊಂದರ ಅಲೆಯಲ್ಲೂ ಅದರದ್ದೇ ಆದ ಸಣ್ಣ ಊನವಿರುತ್ತದೆ. ಆ ಊನವನ್ನು ಅಳೆದು 'ಇದು ಇಂಥದ್ದೇ ಯಂತ್ರ' ಎಂದು ಗುರುತಿಸುವ ವಿದ್ಯೆಗೆ ರೇಡಿಯೋ ಬೆರಳಚ್ಚು ಎಂದು ಹೆಸರು.

ಇದು ಕಳ್ಳನನ್ನು ಹಿಡಿಯುವ ವಿದ್ಯೆಯೋ, ಕಳ್ಳನಲ್ಲದವನನ್ನು ಹಿಂಬಾಲಿಸುವ ವಿದ್ಯೆಯೋ? ಎರಡೂ ಹೌದು. ಅದಕ್ಕೇ ಜನಸಾಮಾನ್ಯರು ಇದನ್ನು ತಿಳಿದಿರುವುದು ಒಳ್ಳೆಯದು.

13,500 ಫೋನು, ಒಂದೇ ನಂಬರ್!

ಪ್ರತಿ ಮೊಬೈಲಿಗೂ 15 ಅಂಕಿಯ ಐಎಂಇಐ ಎಂಬ ನಂಬರ್ ಇರುತ್ತದೆ. ಎರಡು ಸಿಮ್ಮಿನ ಫೋನಿಗೆ ಎರಡು ನಂಬರ್. ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಪೊಲೀಸರು ಕಳುವಾದ ಫೋನು ಹುಡುಕುವುದು ಈ ನಂಬರಿನ ಜಾಡು ಹಿಡಿದೇ.

ಆದರೆ ಈ ನಂಬರ್ ಎಷ್ಟು ಗಟ್ಟಿ? 2020ರಲ್ಲಿ ಉತ್ತರ ಪ್ರದೇಶದ ಮೀರತ್‌ನಲ್ಲಿ ನಡೆದದ್ದು ನೋಡಿ. ಪೊಲೀಸ್ ಸಿಬ್ಬಂದಿಯೊಬ್ಬರ ಫೋನನ್ನು ಪರೀಕ್ಷಿಸುತ್ತಾ ಹೋದಾಗ, ಅದೇ ಐಎಂಇಐ ಹೊತ್ತು ದೇಶದಲ್ಲಿ 13,500ಕ್ಕೂ ಹೆಚ್ಚು ಫೋನುಗಳು ಓಡಾಡುತ್ತಿರುವುದು ಬೆಳಕಿಗೆ ಬಂತು. ಒಂದೇ ನಂಬರ್ ಪ್ಲೇಟಿನ 13,500 ಸ್ಕೂಟರ್ ರಸ್ತೆಗಿಳಿದರೆ ಪೊಲೀಸು ಯಾರನ್ನು ಹಿಡಿಯಬೇಕು ಸ್ವಾಮಿ?

ಕಾರಣ ಸರಳ. ಐಎಂಇಐ ಅನ್ನೋದು ಫೋನಿನೊಳಗೆ ಬರೆದಿಟ್ಟ ಅಂಕಿ. ಬರೆದದ್ದನ್ನು ಅಳಿಸಬಹುದು, ತಿದ್ದಬಹುದು. ವೈಫೈ ಯಂತ್ರಗಳ ಮ್ಯಾಕ್ ನಂಬರಿನ ಕತೆಯೂ ಅಷ್ಟೇ. ತಿದ್ದುವುದು ಅಪರಾಧ ಎಂಬುದೇನೋ ನಿಜ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇಂಥ ಗುರುತು ತಿದ್ದಿದವರಿಗೆ 3 ವರ್ಷದವರೆಗೆ ಜೈಲು, ಇಲ್ಲವೇ 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಆದರೆ ಕಾನೂನು ಚಾಪೆ ಕೆಳಗೆ ತೂರಿದರೆ ಕಳ್ಳ ರಂಗೋಲಿ ಕೆಳಗೆ ತೂರುತ್ತಾನೆ.

ಊನವೇ ಗುರುತು

ಹಾಗಾದರೆ ತಿದ್ದಲಾಗದ ಗುರುತು ಯಾವುದು? ಕಿರಾಣಿ ಅಂಗಡಿಯವರಿಗೆ ತಕ್ಕಡಿಯ ಉದಾಹರಣೆ ಕೊಟ್ಟರೆ ಥಟ್ಟನೆ ಅರ್ಥವಾದೀತು. ಮುದ್ರೆ ಹಾಕುವ ಇಲಾಖೆಯವರು ಬಂದು ತಕ್ಕಡಿ ಪರೀಕ್ಷೆ ಮಾಡುತ್ತಾರೆ. ಕೂದಲೆಳೆಯ ವ್ಯತ್ಯಾಸಕ್ಕೆ ಕಾನೂನಿನಲ್ಲೇ ರಿಯಾಯಿತಿ ಇದೆ. ಆ ರಿಯಾಯಿತಿಯೊಳಗೆ ಒಂದು ತಕ್ಕಡಿ ಚೂರು ಹೆಚ್ಚು ತೋರಿಸುತ್ತದೆ, ಇನ್ನೊಂದು ಚೂರು ಕಡಿಮೆ. ಎರಡೂ ಪಾಸು. ಆದರೆ ಎರಡೂ ಒಂದೇ ಅಲ್ಲ.

ರೇಡಿಯೋ ಯಂತ್ರದಲ್ಲೂ ಹೀಗೆಯೇ. ಅದರೊಳಗೆ ಸ್ಫಟಿಕದ ಸಣ್ಣ ಚೂರೊಂದು ತಾಳ ಹಾಕುತ್ತಿರುತ್ತದೆ. ಉಳಿದ ಭಾಗಗಳು ಆ ತಾಳಕ್ಕೆ ಕುಣಿಯುತ್ತವೆ. ವೈಫೈ, ಬ್ಲೂಟೂತ್ ಅಲೆಗಳು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುತ್ತವೆ. ಸ್ಫಟಿಕ ಕತ್ತರಿಸುವಾಗ ಆದ ಅತಿ ಸಣ್ಣ ವ್ಯತ್ಯಾಸದಿಂದ ತಾಳ 10 ಲಕ್ಷಕ್ಕೆ 10ರಷ್ಟು ತಪ್ಪಿದರೂ ಸಾಕು, ಅಲೆ 24,000 ಕಂಪನದಷ್ಟು ಆಚೀಚೆ ಸರಿಯುತ್ತದೆ. ನಿಯಮದ ಪ್ರಕಾರ ಅದು ತಪ್ಪಲ್ಲ, ಮಾತುಕತೆಗೂ ತೊಂದರೆಯಿಲ್ಲ. ಆದರೆ ಅಳೆಯುವ ಯಂತ್ರ ಇಟ್ಟುಕೊಂಡು ಕೂತವನಿಗೆ ಅದು ಎದ್ದು ಕಾಣುತ್ತದೆ.

ತಾಳ ಒಂದೇ ಅಲ್ಲ. ಅಲೆಯನ್ನು ಜೋರು ಮಾಡುವ ಆಂಪ್ಲಿಫೈಯರ್ ದನಿ ಏರಿದಾಗ ಒಂಚೂರು ಒಡೆಯುತ್ತದೆ, ದೇವಸ್ಥಾನದ ಹಳೇ ಲೌಡ್ ಸ್ಪೀಕರಿನ ಹಾಗೆ. ಮಾತನ್ನು ಅಲೆಯ ಮೇಲೆ ಹೇರುವ ಭಾಗಕ್ಕೆ ಎರಡು ಕಾಲು. ಎರಡೂ ಸರಿಸಮ ಇರಬೇಕು, ಆದರೆ ಒಂದು ಯಾವಾಗಲೂ ಚೂರು ಗಿಡ್ಡ. ಅಲೆ ಹೊರಡುವ ಮೊದಲ ಕ್ಷಣದಲ್ಲಿ ಒಂದು ಸಣ್ಣ ಜರ್ಕ್ ಹೊಡೆಯುತ್ತದೆ, ಕ್ಲಚ್ ಬಿಟ್ಟ ಬಸ್ಸಿನಂತೆ. ಇವೆಲ್ಲ ಸೇರಿ ಆ ಯಂತ್ರದ ದನಿ. ಅಂಗಡಿಯಲ್ಲಿ ಕೂತು ಐಎಂಇಐ ತಿದ್ದುವವನಿಗೆ ಈ ದನಿ ತಿದ್ದಲು ಬರುವುದಿಲ್ಲ. ಯಾಕಂದ್ರೆ ಅದು ಎಲ್ಲೂ ಬರೆದಿಟ್ಟ ಅಂಕಿಯಲ್ಲ, ಬಿಡಿಭಾಗದ ಹುಟ್ಟುಗುಣ.

ತಂತಿ ಆಫೀಸಿನ ಕೈ

ಇದು ಇವತ್ತು ನಿನ್ನೆಯ ವಿಷಯವಲ್ಲ. 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ಟೆಲಿಗ್ರಾಂ ಸೇವೆ ನಿಂತುಹೋಯಿತು. ಅದಕ್ಕೂ ಹಿಂದೆ, ಕಟ್ಟು ಕಡಕಟ್ಟು ಹೊಡೆಯುವ ಮೋರ್ಸ್ ಕಾಲದ ತಂತಿ ಮಾಸ್ತರುಗಳು ಆ ಕಡೆ ಕುಟ್ಟುತ್ತಿರುವವರು ಯಾರು ಅನ್ನೋದನ್ನ ಹೆಸರು ಕೇಳದೆಯೇ ಹೇಳುತ್ತಿದ್ದರು. ಒಬ್ಬೊಬ್ಬರ ಕೈ ಒಂದೊಂದು ಥರ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಇದನ್ನೇ ಅಸ್ತ್ರ ಮಾಡಿಕೊಂಡರು. ಜರ್ಮನರ ಸಂದೇಶದ ಗೂಢಲಿಪಿ ಒಡೆಯಲು ಆಗದಿದ್ದಾಗಲೂ, ಕುಟ್ಟುವ ಕೈ ಯಾವುದು ಎಂದು ಕೇಳಿ ಗುರುತಿಸುತ್ತಿದ್ದರು. ಜೊತೆಗೆ ಅಲೆಯ ಆಕಾರವನ್ನು ಫಿಲ್ಮಿನ ಮೇಲೆ ಹಿಡಿದು, ಕಳಿಸಿದ ಯಂತ್ರ ಯಾವುದು ಎಂದು ನೋಡುತ್ತಿದ್ದರು. ಹೆಸರು ಬದಲಾಯಿಸಿಕೊಂಡ ಹಡಗೂ ತನ್ನ ರೇಡಿಯೋ ದನಿಯಿಂದ ಸಿಕ್ಕಿಬೀಳುವ ಭಯ ಆಗಲೇ ಶುರುವಾಯಿತು.

ಅಮೆರಿಕದಲ್ಲಿ ಬಿಲ್ಲಿನ ಗಲಾಟೆ

1990ರ ದಶಕದಲ್ಲಿ ಈ ವಿದ್ಯೆ ವ್ಯಾಪಾರಕ್ಕೂ ಬಂತು. ಅಮೆರಿಕದ ಆಗಿನ ಮೊಬೈಲ್ ಫೋನುಗಳು ತಮ್ಮ ಗುರುತಿನ ನಂಬರನ್ನು ಗಾಳಿಯಲ್ಲಿ ಬಹಿರಂಗವಾಗಿ ಕೂಗಿ ಹೇಳುತ್ತಿದ್ದವು. ಕಳ್ಳರು ಹೆದ್ದಾರಿಯ ಪಕ್ಕ ಯಂತ್ರ ಇಟ್ಟುಕೊಂಡು ಆ ನಂಬರ್ ಹಿಡಿದು, ಬೇರೆ ಫೋನಿಗೆ ತುಂಬಿ ಮಾರುತ್ತಿದ್ದರು. ಮಾತಾಡುವವನು ಯಾರೋ, ಬಿಲ್ಲು ಬರುವುದು ಇನ್ಯಾರಿಗೋ! ಕಂಪನಿಗಳಿಗೆ ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ನಾಮ.

ಆಗ ಕೋರ್ಸೇರ್ ಎಂಬ ಕಂಪನಿಯ 'ಫೋನ್‌ಪ್ರಿಂಟ್' ಯಂತ್ರ ಟವರುಗಳಿಗೆ ಬಂತು. ಅಸಲಿ ಫೋನಿನ ರೇಡಿಯೋ ದನಿಯನ್ನು ಮೊದಲೇ ದಾಖಲೆ ಮಾಡಿಟ್ಟುಕೊಳ್ಳುವುದು. ಕರೆ ಬಂದಾಗ ನಂಬರನ್ನೂ ದನಿಯನ್ನೂ ತಾಳೆ ನೋಡುವುದು. ನಂಬರ್ ಸರಿ, ದನಿ ಬೇರೆ ಅಂದ್ರೆ ಲೈನ್ ಕಟ್! ಮುಂದೆ ಗುಟ್ಟಿನ ಕೀಲಿ ಇಟ್ಟುಕೊಂಡ ಡಿಜಿಟಲ್ ಫೋನುಗಳು ಬಂದ ಮೇಲೆ ಆ ಯಂತ್ರಗಳ ಅಗತ್ಯ ಕಡಿಮೆಯಾಯಿತು. ವಿದ್ಯೆ ಮಾತ್ರ ಉಳಿಯಿತು.

2008ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸುಮನ್ ಬ್ಯಾನರ್ಜಿ ಮತ್ತು ಸಂಗಡಿಗರು ಒಂದೇ ಮಾದರಿಯ 130ಕ್ಕೂ ಹೆಚ್ಚು ವೈಫೈ ಕಾರ್ಡುಗಳನ್ನು ಪರೀಕ್ಷೆಗೆ ಇಟ್ಟರು. ಬರೀ ಅಲೆಯ ಊನ ನೋಡಿ, ಯಾವುದು ಯಾವುದೆಂದು 100ಕ್ಕೆ 99ಕ್ಕಿಂತ ಹೆಚ್ಚು ಸರಿಯಾಗಿ ಹೇಳಿದರು.

ಹಾಗಂತ ಕಣ್ಣು ಮುಚ್ಚಿ ನಂಬಬೇಡಿ

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 2022ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೋ ಕ್ಯಾಂಪಸ್ಸಿನವರು ಪ್ರಯೋಗಶಾಲೆ ಬಿಟ್ಟು ಜನ ಓಡಾಡುವ ಜಾಗಕ್ಕೇ ಬಂದರು. ಕಾಫಿ ಅಂಗಡಿಯಂಥ ಕಡೆಗಳಲ್ಲಿ 162 ಮೊಬೈಲ್ ಸಾಧನಗಳ ಬ್ಲೂಟೂತ್ ಅಲೆ ಹಿಡಿದರು. ಬೇರೆ ಯಾವುದಕ್ಕೂ ಹೋಲದ ದನಿ ಇದ್ದದ್ದು 100ಕ್ಕೆ 40ಕ್ಕೆ ಮಾತ್ರ. ಇನ್ನೊಂದು ಕಡೆ 647 ಸಾಧನ ನೋಡಿದಾಗ 47. ಉಳಿದವು ಒಂದನ್ನೊಂದು ಹೋಲುತ್ತಿದ್ದವು. ಫೋನು ಬಿಸಿಯಾದರೆ ಸ್ಫಟಿಕದ ತಾಳವೂ ಸರಿಯುತ್ತದೆ. ಮಧ್ಯಾಹ್ನದ ಬಿಸಿಲಿನ ದನಿ ಬೇರೆ, ಮುಂಜಾನೆಯ ದನಿ ಬೇರೆ. ಕೇಳುವ ಯಂತ್ರಕ್ಕೂ ತನ್ನದೇ ಊನ ಇರುತ್ತದೆ.

ದುಬಾರಿ ಯಂತ್ರ ಇಟ್ಟುಕೊಂಡವರು ಇನ್ನೊಂದು ಯಂತ್ರದ ದನಿಯನ್ನು ಅಣಕಿಸಲೂಬಹುದು ಎಂದು 2010ರಷ್ಟು ಹಿಂದೆಯೇ ಸಂಶೋಧಕರು ಮಾಡಿ ತೋರಿಸಿದ್ದಾರೆ. ಜೊತೆಗೆ ಇನ್ನೊಂದು ಮಾತು. ಬೆರಳಚ್ಚು ಕಚೇರಿ 1897ರಲ್ಲಿ ಕಲ್ಕತ್ತೆಯಲ್ಲಿ ಶುರುವಾದಾಗಿನಿಂದ ಪೊಲೀಸರಿಗೆ ಗೊತ್ತಿರುವ ಸಂಗತಿ ಇದು: ಹೋಲಿಸಿ ನೋಡಲು ಹಳೆಯ ದಾಖಲೆ ಇಲ್ಲದಿದ್ದರೆ ಸಿಕ್ಕಿದ ಅಚ್ಚಿನಿಂದ ಹೆಸರು ಹೊರಡುವುದಿಲ್ಲ. ರೇಡಿಯೋ ದನಿಗೂ ಅದೇ ನ್ಯಾಯ. ಇಷ್ಟೆಲ್ಲ 'ಆದರೆ' ಇರುವಾಗ, ದನಿ ಹೊಂದಿತು ಎಂಬ ಒಂದೇ ಕಾರಣಕ್ಕೆ ಯಾರನ್ನಾದರೂ ಒಳಗೆ ಹಾಕುವುದು ಅನ್ಯಾಯ. ಅದು ಸುಳಿವು ಆಗಬಹುದು, ತೀರ್ಪು ಆಗಕೂಡದು.

ನಿಮ್ಮ ಜೇಬು ಕೂಗುತ್ತಿದೆ

ಈಗ ನಾಣ್ಯದ ಇನ್ನೊಂದು ಮುಖ. ಜನರನ್ನು ಹಿಂಬಾಲಿಸಬಾರದೆಂದು ಈಚಿನ ಫೋನುಗಳು ತಮ್ಮ ವೈಫೈ, ಬ್ಲೂಟೂತ್ ನಂಬರನ್ನು ಆಗಾಗ ತಾವೇ ಬದಲಾಯಿಸಿಕೊಳ್ಳುತ್ತವೆ. ಒಳ್ಳೆಯ ಏರ್ಪಾಡು. ಆದರೆ ವೇಷ ಬದಲಾಯಿಸಿದರೂ ದನಿ ಅದೇ ಇದ್ದರೆ? ಸ್ಯಾನ್ ಡಿಯೇಗೋದವರ ಎಚ್ಚರಿಕೆ ಇದೇ ಆಗಿತ್ತು. ಅವರ ಲೆಕ್ಕದಲ್ಲಿ 200 ಡಾಲರಿಗಿಂತ ಕಡಿಮೆ ಬೆಲೆಯ ಯಂತ್ರ ಇದಕ್ಕೆ ಸಾಕು. ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ಅಂಥದ್ದೊಂದು ಇಟ್ಟರೆ, ಗುರುತಿಗೆ ಸಿಗುವ ಫೋನಿನವರು ಎಷ್ಟು ಗಂಟೆಗೆ ಬಂದರು, ಎಷ್ಟು ದಿನ ಬಂದರು ಅನ್ನೋದನ್ನ ಅವರಿಗೇ ಗೊತ್ತಿಲ್ಲದಂತೆ ಬರೆದುಕೊಳ್ಳಬಹುದು. ಫೋನೇ ಬೇಕೆಂತಲೇ ತನ್ನ ತಾಳವನ್ನು ಆಗಾಗ ಹದತಪ್ಪಿಸಿ ಈ ದನಿ ಮರೆಮಾಚುವ ಉಪಾಯವನ್ನು 2024ರಲ್ಲಿ ಅದೇ ವಿಶ್ವವಿದ್ಯಾಲಯದವರು ಮುಂದಿಟ್ಟಿದ್ದಾರೆ. ಅದನ್ನು ಫೋನಿಗೆ ಹಾಕಬೇಕಾದವರು ತಯಾರಕರು.

ಖಾಸಗಿ ಬದುಕು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಕೇಸು ಹಾಕಿದವರು ನಮ್ಮ ರಾಜ್ಯದವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಕಾಗದದ ಮೇಲೆ ಉಳಿದರೆ ಸಾಲದು, ಬಸ್ ಸ್ಟ್ಯಾಂಡಿನವರೆಗೂ ಬರಬೇಕು.

ಸದ್ಯಕ್ಕೆ ಮಾಡಬೇಕಾದ್ದು

ಜೇಬಿನಿಂದ ಫೋನು ಹೋದ ದಿನ ಸಾಮಾನ್ಯನ ಕೈ ಹಿಡಿಯೋದು ರೇಡಿಯೋ ಬೆರಳಚ್ಚಲ್ಲ, ಅದೇ 15 ಅಂಕಿಯ ನಂಬರು. ಅದನ್ನು ಇವತ್ತೇ ಮನೆಯ ಡೈರಿಯಲ್ಲಿ ಬರೆದಿಡಿ. ಫೋನಿನ ಡಬ್ಬಿ, ರಸೀದಿ ಎಸೆಯಬೇಡಿ. ಕಳೆದರೆ ಪೊಲೀಸರಿಗೆ ದೂರು ಕೊಟ್ಟು, 2023ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ತೆರೆದ ಸಂಚಾರ್ ಸಾಥಿ ತಾಣದಲ್ಲಿ ನಂಬರ್ ನಮೂದಿಸಿ ಫೋನನ್ನು ಬಂದ್ ಮಾಡಿಸಬಹುದು. ಆಮೇಲೆ ಯಾರಾದರೂ ಬೇರೆ ಸಿಮ್ ಹಾಕಿದರೆ ಜಾಡು ಸಿಗುತ್ತದೆ.

ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳುವವರು, ಮಾರುವ ಅಂಗಡಿಯವರು ಇನ್ನೂ ಎಚ್ಚರ ಇರಬೇಕು. ಇಂಗ್ಲಿಷಿನಲ್ಲಿ ಕೆ, ವೈ, ಎಂ ಎಂಬ ಮೂರು ಅಕ್ಷರ, ಒಂದು ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಮೆಸೇಜು ಕಳಿಸಿದರೆ ಆ ಫೋನಿನ ಜಾತಕ ಬರುತ್ತದೆ. ಡಬ್ಬಿಯ ಮೇಲಿನ ನಂಬರ್, ಪರದೆಯ ನಂಬರ್, ಮೆಸೇಜಿನಲ್ಲಿ ಬಂದ ಕಂಪನಿಯ ಹೆಸರು, ಮೂರೂ ತಾಳೆಯಾಗಬೇಕು. ಆಗದಿದ್ದರೆ ಎಷ್ಟು ಅಗ್ಗವಾದರೂ ಮುಟ್ಟಬೇಡಿ. ಕದ್ದ ಮಾಲು ಕೊಂಡವನೂ ಠಾಣೆಯ ಬೆಂಚಿನ ಮೇಲೆ ಕೂರಬೇಕಾಗುತ್ತದೆ.

ಇನ್ನು ಇಲಾಖೆಗಳಿಗೆ ಒಂದು ಮಾತು. ರೇಡಿಯೋ ದನಿಯ ವಿದ್ಯೆಯನ್ನು ಬಳಸುವುದಾದರೆ ಬಳಸಲಿ, ಕಳ್ಳರು ಸಿಕ್ಕಲಿ. ಆದರೆ ಯಾರ ದನಿ ದಾಖಲೆಯಾಗುತ್ತದೆ, ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ ಅನ್ನೋದನ್ನ ಜನರಿಗೆ ಮೊದಲು ಹೇಳಲಿ. ಬಸ್ಸಿನ ಸದ್ದು ಕೇಳಿ ಬಸ್ಸು ಹತ್ತುವವನಿಗೆ, ತನ್ನ ಜೇಬಿನ ಸದ್ದನ್ನು ಯಾರು ಕೇಳುತ್ತಿದ್ದಾರೆ ಎಂದು ತಿಳಿಯುವ ಹಕ್ಕೂ ಇದೆ.