‘ಅಪರೂಪಕ್ಕೊಮ್ಮೆ’ ಎಂಬ ಮೊದಲ ಮೆಟ್ಟಿಲು

ವ್ರತಭಂಗವು ಒಮ್ಮೆಲೇ ಸಂಭವಿಸುವುದಿಲ್ಲ. ಅದಕ್ಕೆ ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂಬ ನಾಲ್ಕು ಹಂತಗಳನ್ನು ಜೈನಾಚಾರ್ಯರು ಗುರುತಿಸಿದ್ದಾರೆ. ಪರಂಪರೆಯಲ್ಲಿ ಇದಕ್ಕೆ ಎತ್ತಿನ ನಿದರ್ಶನವಿದೆ. ನೆರೆಯ ಹೊಲದ ಹಸಿರಿಗೆ ಆಸೆಪಟ್ಟ ಎತ್ತು ಮೊದಲು ಬೇಲಿಯ ಬಳಿ ನಿಲ್ಲುತ್ತದೆ. ಬಳಿಕ ಬೇಲಿಯೊಳಗೆ ತಲೆ ಹಾಕುತ್ತದೆ. ಒಂದು ತುತ್ತು ಮೇಯುತ್ತದೆ. ಕೊನೆಗೆ ಬೇಲಿ ಮುರಿದು ಒಳನುಗ್ಗುತ್ತದೆ.

ಇಂದು ‘ನಿಕೋಟಿನ್ ಪೌಚ್’ ಎಂಬ ಹೊಸ ವಸ್ತುವಿನ ವಿಷಯದಲ್ಲಿ ಈ ವಿವೇಚನೆ ಅಗತ್ಯವಾಗಿದೆ. ತುಟಿ ಮತ್ತು ವಸಡಿನ ನಡುವೆ ಇರಿಸಿಕೊಳ್ಳುವ ಸಣ್ಣ ಬಿಳಿಯ ಚೀಲವಿದು. ಇದರಲ್ಲಿ ತಂಬಾಕಿನ ಎಲೆಯಿಲ್ಲ, ಹೊಗೆಯಿಲ್ಲ, ಉಗುಳುವ ಅಗತ್ಯವೂ ಇಲ್ಲ. ಪುದೀನ ಅಥವಾ ಹಣ್ಣಿನ ಪರಿಮಳವಿರುತ್ತದೆ. ಯೂರೋಪು, ಅಮೆರಿಕಗಳಲ್ಲಿ ಇದರ ಬಳಕೆ ಹೆಚ್ಚಿದೆ. ‘ಇದರಲ್ಲಿ ಜೀವಹಿಂಸೆಯಿಲ್ಲ, ಸೇವಿಸುವುದೂ ಅಪರೂಪಕ್ಕೊಮ್ಮೆ, ಆದ್ದರಿಂದ ದೋಷವೇನು?’ ಎಂದು ಕೇಳುವವರಿದ್ದಾರೆ.

2025ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂತಹ 20 ಉತ್ಪನ್ನಗಳ ಮಾರಾಟಕ್ಕೆ ಅನುಮತಿ ನೀಡಿತು. ಆದರೆ ಅನುಮತಿಯೆಂದರೆ ಸುರಕ್ಷಿತವೆಂದು ಅರ್ಥವಲ್ಲ ಎಂದು ಅದೇ ಸಂಸ್ಥೆ ತಿಳಿಸಿತು. ಸಿಗರೇಟನ್ನು ಪೂರ್ಣವಾಗಿ ಬಿಟ್ಟು ಇದಕ್ಕೆ ಬದಲಾದವನಿಗೆ ವಿಷಕಾರಿ ಅಂಶಗಳು ಕಡಿಮೆಯಾಗಬಹುದು. ಯಾವ ಚಟವೂ ಇಲ್ಲದವನಿಗೆ ಇದರಿಂದ ದೊರೆಯುವುದು ಹಾನಿ ಮಾತ್ರ.

ಚೀಲದಲ್ಲಿನ ನಿಕೋಟಿನ್ ಬಾಯಿಯ ಒಳಪದರದ ಮೂಲಕ ರಕ್ತವನ್ನು ಸೇರಿ ಹೃದಯದ ಬಡಿತವನ್ನೂ ರಕ್ತದ ಒತ್ತಡವನ್ನೂ ಏರಿಸುತ್ತದೆ. ಒಂದೊಂದು ಚೀಲದಲ್ಲಿ ಸಾಮಾನ್ಯವಾಗಿ 3ರಿಂದ 6 ಮಿಲಿಗ್ರಾಂ, ಕೆಲವದರಲ್ಲಿ ಇನ್ನೂ ಹೆಚ್ಚು ನಿಕೋಟಿನ್ ಇರುತ್ತದೆ. ಅಪರೂಪಕ್ಕೆ ಸೇವಿಸುವವನ ದೇಹ ಅದಕ್ಕೆ ಒಗ್ಗಿರುವುದಿಲ್ಲ. ಆದ್ದರಿಂದ ತಲೆಸುತ್ತು, ವಾಕರಿಕೆ, ಎದೆಬಡಿತ ಅವನಲ್ಲಿಯೇ ಬೇಗ ಕಾಣಿಸಿಕೊಳ್ಳುತ್ತವೆ. ವಸಡು ಉರಿಯುವುದೂ ಉಂಟು. ಹೃದ್ರೋಗಿಗಳಿಗೆ ಮತ್ತು ಗರ್ಭಿಣಿಯರಿಗೆ ಅಪಾಯ ಇನ್ನೂ ಅಧಿಕ. ಮನೆಯಲ್ಲಿಟ್ಟ ಚೀಲವನ್ನು ಮಗು ನುಂಗಿದರೆ ಪ್ರಾಣಕ್ಕೇ ಸಂಚಕಾರ.

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ, ಜೀವಹಿಂಸೆಗೆ ಕಾರಣವಾದುದನ್ನು ಮಾತ್ರವಲ್ಲದೆ ‘ಅನಿಷ್ಟ’ವಾದುದನ್ನೂ ತ್ಯಜಿಸಲು ಹೇಳುತ್ತದೆ. ಅನಿಷ್ಟವೆಂದರೆ ಶರೀರಕ್ಕೆ ಅಹಿತವಾದುದು. ಆದ್ದರಿಂದ ಎಲೆಯಿಲ್ಲ, ಹೊಗೆಯಿಲ್ಲ ಎಂಬ ಸಮರ್ಥನೆ ಇಲ್ಲಿ ನಿಲ್ಲದು. ಧರ್ಮಸಾಧನೆಗೆ ಉಪಕರಣವಾದ ದೇಹಕ್ಕೆ ತಿಳಿದೂ ತಿಳಿದೂ ವಿಷವುಣಿಸುವುದು ಪ್ರಮಾದವೇ ಸರಿ.

ದೇಹಕ್ಕಿಂತ ಮೊದಲು ಸೋಲುವುದು ಮನಸ್ಸು. ನಿಕೋಟಿನ್ ಮಿದುಳಿನಲ್ಲಿ ಕ್ಷಣಿಕ ಸುಖವನ್ನು ಹುಟ್ಟಿಸುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಮತ್ತೆ ಮತ್ತೆ ಸೇವಿಸಿದಾಗ ಆ ಇಳಿತವೇ ಮತ್ತೊಂದಕ್ಕಾಗಿ ಹಂಬಲವಾಗುತ್ತದೆ. ಹಬ್ಬಕ್ಕೊಮ್ಮೆ ಎಂದದ್ದು ವಾರಕ್ಕೊಮ್ಮೆಯಾಗಿ, ವಾರಕ್ಕೊಮ್ಮೆ ಎಂದದ್ದು ನಿತ್ಯವಾಗುವ ದಾರಿ ಇದು. ಎಲ್ಲರೂ ಕೊನೆಯ ಹಂತವನ್ನು ಮುಟ್ಟುತ್ತಾರೆಂದಲ್ಲ. ಆದರೆ ಅಲ್ಲಿಗೆ ಮುಟ್ಟಿದವರೆಲ್ಲರೂ ‘ಒಮ್ಮೆ ಮಾತ್ರ’ ಎಂಬಲ್ಲಿಂದಲೇ ಹೊರಟವರು.

ಪರಿಹಾರವನ್ನೂ ಅದೇ ವ್ರತವು ಸೂಚಿಸುತ್ತದೆ. ಜೀವನಪರ್ಯಂತದ ತ್ಯಾಗ ‘ಯಮ’, ಕಾಲಮಿತಿಯ ತ್ಯಾಗ ‘ನಿಯಮ’. ಇನ್ನೂ ಮುಟ್ಟದವರು ಯಮವನ್ನೇ ಸ್ವೀಕರಿಸುವುದು ಸುಲಭ. ಅಭ್ಯಾಸಕ್ಕೆ ಸಿಲುಕಿದವರು ಒಂದು ದಿನದ, ಒಂದು ಪಕ್ಷದ ನಿಯಮದಿಂದ ಆರಂಭಿಸಿ, ಸಂಜೆಯ ಪ್ರತಿಕ್ರಮಣದಲ್ಲಿ ಅದನ್ನು ಅವಲೋಕಿಸಲಿ. ಹಂಬಲ ತಡೆಯಲಾಗದಿದ್ದರೆ ವೈದ್ಯರ ನೆರವು ಪಡೆಯಲಿ, ಅದರಲ್ಲಿ ಸಂಕೋಚವೇಕೆ? ಎತ್ತನ್ನು ಬೇಲಿಯ ಹೊರಗೇ ತಿರುಗಿಸುವುದು ಸುಲಭ, ಹೊಲದ ನಡುವಿನಿಂದ ಎಳೆದು ತರುವುದು ಕಷ್ಟ.